ಲಾಂಗಿಯ ಆಲ್ಜೀಬ್ರಾ

ಲಾಂಗಿ ನಮ್ಮ ಶಾಲೆಯ ಗಣಿತದ ಟೀಚರ್, ನಾನು ಪಕ್ಕದ ಕೋಣೆಯ ಕೆಮಿಸ್ಟ್ರಿ ಟೀಚರ್. 1983ರಿಂದ ಮೂರು ವರ್ಷ ಲಾಸ್ ಏಂಜಲೀಸಿನ ದಕ್ಷಿಣಕ್ಕಿದ್ದ ಆ ಶಾಲೆಗೆ ಇಬ್ಬರೂ ಅವಳ ಕಾರಿನಲ್ಲೇ ಹೋಗಿಬರುತ್ತಿದ್ದೆವು. ಸ್ಟಿಯರಿಂಗ್ ಹಿಡಿದು, ಮುಂದಿನ ಕಾರುಗಳನ್ನು ಬೈಯುತ್ತ, ಅವಳು ತುಂಡುತುಂಡಾಗಿ ಹೇಳಿದ್ದನ್ನು ಇಲ್ಲಿ ಜೋಡಿಸಿದ್ದೇನೆ.

ಅವಳ ಅಪ್ಪ ತವಿತಾ ಪೆಸಿಫಿಕ್ ಸಾಗರದ ಸಮೋವಾ ದ್ವೀಪದವನು. ಅಮೆರಿಕದ ನೌಕಾಪಡೆಗೆ ಸೇರಿ ಸ್ಯಾನ್ ಡಿಯೇಗೊಗೆ ಬಂದವನು, ಪಡೆ ಬಿಟ್ಟಮೇಲೆ ಅಲ್ಲೇ ಹಡಗುಗಳ ತುಕ್ಕು ಕೆರೆದು ಬಣ್ಣ ಹೊಡೆಯುವ ಕೆಲಸಕ್ಕೆ ನಿಂತ. ಅಮ್ಮ ಎಸೆಟಾ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಮಧ್ಯಾಹ್ನದ ಪಾಳಿಗೆ ಹೋಗುತ್ತಿದ್ದಳು. ಲಾಂಗಿ ಹುಟ್ಟಿ ಬೆಳೆದದ್ದು ಆ ಊರಲ್ಲೇ. ಆದರೂ ಪ್ರತಿ ವರ್ಷ ಹೊಸ ಟೀಚರ್ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಹವಾಯಿಯವಳಾ? ಡ್ಯಾನ್ಸ್ ಬರುತ್ತಾ?"

1968ರಲ್ಲಿ ಅವಳಿಗೆ ಹದಿನಾಲ್ಕು. ಆಗಲೇ ಐದಡಿ ಹತ್ತಂಗುಲ ಎತ್ತರ. ಹೈಸ್ಕೂಲಿನಲ್ಲಿ ಯಾರು ಏನು ಓದಬೇಕೆಂದು ತೀರ್ಮಾನಿಸುವವನು ಕೌನ್ಸೆಲರ್. ಅವನು ಅವಳ ಫೈಲ್ ತೆರೆಯುವ ಮೊದಲೇ ಭುಜ ನೋಡಿ, "ಶಾಟ್‌ಪುಟ್‌ಗೆ ಹೇಳಿ ಮಾಡಿಸಿದ ಹಾಗಿದ್ದೀಯ," ಎಂದ. ಲಾಂಗಿ ಆಲ್ಜೀಬ್ರಾ ಬೇಕು ಎಂದಳು. ಅವನು ಹೊಲಿಗೆ, ಸಾಮಾನ್ಯ ಗಣಿತ ಎಂದು ಬರೆದ.

"ನಿಮ್ಮ ಜನಕ್ಕೆ ಅದೆಲ್ಲ ಕಷ್ಟ ಆಗುತ್ತೆ. ಸುಮ್ಮನೆ ಫೇಲಾಗಿ ಯಾಕೆ ಬೇಜಾರು ಮಾಡ್ಕೋತೀಯ?"

"ನಮ್ಮ ಜನ ಅಂದ್ರೆ ಯಾರು ಹೇಳು?" ಹದಿನೈದು ವರ್ಷದ ಮೇಲೂ ಲಾಂಗಿ ನನ್ನ ಮೇಲೆ ರೇಗುತ್ತಿದ್ದಳು. "ಆ ಸ್ಕೂಲಲ್ಲಿ ಸಮೋವಾದ ಮಕ್ಕಳು ಇದ್ದದ್ದೇ ಆರು ಜನ!"

ಮನೆಗೆ ಬಂದು ಹೇಳಿದಾಗ ತವಿತಾ ತಲೆ ತಗ್ಗಿಸಿಕೊಂಡೇ ಊಟ ಮುಂದುವರಿಸಿದ. "ಮೇಷ್ಟ್ರಿಗೆ ಎದುರು ಮಾತಾಡಬಾರದು. ಅವರಿಗೆ ಗೊತ್ತಿರುತ್ತೆ." ಅವಳು ಫೋರ್ಕ್ ಎಸೆದು ಎದ್ದುಹೋದಳು. ಹಡಗುಕಟ್ಟೆಯ ಮೇಸ್ತ್ರಿಯ ಮುಂದೆಯೂ ಅಪ್ಪ ಹೀಗೇ ತಲೆ ತಗ್ಗಿಸುವುದನ್ನು ಅವಳು ನೋಡಿದ್ದಳು. ಆ ವಿನಯ ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು.

ಮರುದಿನ ಬೆಳಗ್ಗೆ ಎಂಟು ಗಂಟೆಗೆ ಎಸೆಟಾ, ಚರ್ಚಿಗೆ ಉಡುವ ಉದ್ದನೆಯ ಬಿಳಿ ಬಟ್ಟೆಯಲ್ಲಿ ಶಾಲೆಯ ಆಫೀಸಿನ ಬೆಂಚಿನ ಮೇಲೆ ಹೋಗಿ ಕೂತಳು. ಅವಳ ಇಂಗ್ಲಿಷ್ ಅಷ್ಟಕ್ಕಷ್ಟೇ. "ನನ್ನ ಮಗಳು. ಆಲ್ಜೀಬ್ರಾ," ಎಂದಳು. ಕೌನ್ಸೆಲರ್ ಬ್ಯುಸಿ ಎಂದರು. "ಕಾಯ್ತೀನಿ." ಹನ್ನೊಂದಕ್ಕೆ ಎದ್ದು ಪಾಳಿಗೆ ಹೋದಳು. ಮರುದಿನ ಮತ್ತೆ ಬಂದಳು. ಅದರ ಮರುದಿನವೂ.

ಆಫೀಸಿಗೆ ಗಾಜಿನ ಗೋಡೆ. ಹೋಗಿಬರುವ ಮಕ್ಕಳಿಗೆಲ್ಲ ಎಸೆಟಾ ಕಾಣುತ್ತಿದ್ದಳು. ಎಷ್ಟು ಸೋಪು ಹಾಕಿ ತೊಳೆದರೂ ಅವಳ ಕೈಯಿಂದ ಮೀನಿನ ವಾಸನೆ ಹೋಗುತ್ತಿರಲಿಲ್ಲ. ನಾಲ್ಕನೆಯ ದಿನ ಆಫೀಸಿನ ಮುಂದೆ ಹಾದುಹೋಗುವಾಗ ಲಾಂಗಿಯ ಗೆಳತಿಯೊಬ್ಬಳು, "ಯಾರೇ ಅದು, ದಿನಾ ಬಂದು ಕೂರೋದು?" ಎಂದು ಕೇಳಿದಳು.

"ಗೊತ್ತಿಲ್ಲ," ಎಂದಳು ಲಾಂಗಿ.

ಆಫೀಸಿನ ಬಾಗಿಲು ತೆರೆದೇ ಇತ್ತು. ಅಷ್ಟು ಇಂಗ್ಲಿಷ್ ಎಸೆಟಾಳಿಗೆ ಬರುತ್ತಿತ್ತು. ಮಗಳ ಕಡೆ ಒಮ್ಮೆ ನೋಡಿ ಮುಖ ತಿರುಗಿಸಿದಳು. ಐದನೆಯ ದಿನವೂ ಬಂದಳು. ಆದರೆ ಬೆಂಚು ಬಿಟ್ಟು, ಹೊರಗಿನಿಂದ ಕಾಣದ ಹಾಗೆ ಕಪಾಟಿನ ಮರೆಯಲ್ಲಿದ್ದ ಸ್ಟೂಲಿನ ಮೇಲೆ ಕೂತಳು. ಮನೆಯಲ್ಲಿ ಆ ಮಾತನ್ನು ಎಂದೂ ಎತ್ತಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು ಎನ್ನುತ್ತಾಳೆ ಲಾಂಗಿ.

ಹತ್ತು ದಿನ ಹೀಗೇ ಕಳೆಯಿತು. ಹನ್ನೊಂದನೆಯ ದಿನ ತವಿತಾ ಅರ್ಧ ದಿನ ರಜೆ ಹಾಕಿ, ಟೈ ಕಟ್ಟಿಕೊಂಡು ಹೆಂಡತಿಯ ಜೊತೆ ಬಂದ. ಇಬ್ಬರನ್ನು ನೋಡಿ ಕೌನ್ಸೆಲರ್ ಕೊನೆಗೂ ಒಳಗೆ ಕರೆದ. ಲಾಂಗಿಯನ್ನೂ ಕರೆಸಿದರು.

"ಸರ್, ನಾನು ಎದುರಾಡೋಕೆ ಬಂದಿಲ್ಲ," ಎಂದ ತವಿತಾ, ನಿಂತುಕೊಂಡೇ. "ಎಷ್ಟೋ ವರ್ಷದಿಂದ ಹಡಗಿನ ಹೊರಮೈ ಕೆರೀತಿದ್ದೀನಿ. ಎಂಜಿನ್ ರೂಮಿನ ಕೆಲಸಕ್ಕೆ ನನ್ನನ್ನ ಯಾರೂ ಕರೀಲಿಲ್ಲ. ನಾನೂ ಕೇಳಲಿಲ್ಲ. ಕೇಳದೇ ಇದ್ದದ್ದು ನನ್ನ ತಪ್ಪು. ಇವಳಿಗೋಸ್ಕರ ಇವತ್ತು ಕೇಳ್ತಿದ್ದೀನಿ."

ಆ ಮಾತು ಕೇಳಿ ಅವಳಿಗೆ ಹೆಮ್ಮೆಯಾಯಿತೇ ಎಂದು ನಾನು ಕೇಳಿದ್ದೆ. ಇಲ್ಲ, ಸಿಟ್ಟು ಬಂತಂತೆ. ಇಷ್ಟು ಚಿಕ್ಕದಕ್ಕೆ ಇಂಥ ಮನುಷ್ಯ ಇಷ್ಟು ಹೇಳಬೇಕಾಯಿತಲ್ಲ ಎಂದು.

ಕೌನ್ಸೆಲರ್ ಸಹಿ ಹಾಕಿದ. "ಫೇಲಾದರೆ ನನ್ನನ್ನ ಕೇಳಬೇಡಿ." ಕ್ಲಾಸು ಆಗಲೇ ಬಹಳ ಮುಂದೆ ಹೋಗಿತ್ತು. ಮೊದಲ ಟೆಸ್ಟಿನಲ್ಲಿ ನೂರಕ್ಕೆ ಮೂವತ್ತೆಂಟು. ತವಿತಾನಿಗೆ ಆಲ್ಜೀಬ್ರಾದ ಗಂಧವೂ ಇಲ್ಲ. ಆದರೂ ಸಂಜೆ ಅವಳು ಓದುವಷ್ಟು ಹೊತ್ತು ಎದುರಿಗೆ ಬೈಬಲ್ ಹಿಡಿದು ಕೂತಿರುತ್ತಿದ್ದ. ವರ್ಷದ ಕೊನೆಗೆ ಸಿಕ್ಕಿದ್ದು ಬರೀ ಸಿ ಗ್ರೇಡು. ಅಮ್ಮ ಹನ್ನೊಂದು ದಿನ ಕೂತದ್ದು ಈ ಸಿಗಾಗಿಯೇ ಎಂದು ಅವಳು ಅತ್ತಳು. ಮುಂದಿನ ವರ್ಷ ಬಿ ಬಂತು.

ಪೊಮೊನಾದ ಯೂನಿವರ್ಸಿಟಿಗೆ ಸೇರಿದಾಗಲೂ ಅದೇ ಗೋಳು. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ನೆರವಿಗೆ ಅಪ್ಲೈ ಮಾಡಲು ಹೋದರೆ, ಸಮೋವಾದವರ ಹೆಸರು ಪಟ್ಟಿಯಲ್ಲೇ ಇಲ್ಲ ಎಂದರು. ಏಷ್ಯನ್ ವಿದ್ಯಾರ್ಥಿಗಳ ಸಂಘದಲ್ಲಿ ಕೇಳು ಎಂದರು. ಅಲ್ಲಿ ನೀನು ನಮ್ಮವಳಲ್ಲ ಎಂದರು. ವಿದೇಶಿ ವಿದ್ಯಾರ್ಥಿಗಳ ಆಫೀಸಿನಲ್ಲಿ, ನೀನು ಅಮೆರಿಕದವಳಲ್ಲವಾ ಎಂದರು. ಫೋನಿನಲ್ಲಿ ಅಮ್ಮ ಕೇಳಿದಳು: "ಕೂತು ನೋಡಿದೆಯಾ?"

"ಕೂರೋಕೆ ನಂಗೆಲ್ಲಿದೆ ಟೈಮು?" ಲಾಂಗಿ ಮತ್ತೆ ಹೋಗಿ ಕೂಗಾಡಿದಳು. ಹೊರಗೆ ಕಳಿಸಿದರು. ಕೆಲಸ ಮಾಡುತ್ತ ಓದಿ, ನಾಲ್ಕು ವರ್ಷದ ಡಿಗ್ರಿಗೆ ಆರು ವರ್ಷ ತೆಗೆದುಕೊಂಡಳು.

1986ರ ಮೇ ತಿಂಗಳಲ್ಲಿ ಅವಳು ಹದಿನಾಲ್ಕು ಮಕ್ಕಳ ಹೆಸರನ್ನು ಮುಂದಿನ ವರ್ಷದ ಆಲ್ಜೀಬ್ರಾಕ್ಕೆಂದು ನಮ್ಮ ಶಾಲೆಯ ಕೌನ್ಸೆಲರ್‌ಗೆ ಕಳಿಸಿದ್ದಳು. ಹೆಚ್ಚಿನವರು ಸಮೋವಾದ ಮಕ್ಕಳು. ಐದು ಹೆಸರಿಗೆ ಒಪ್ಪಿಗೆ ಬಂತು. ಉಳಿದ ಹುಡುಗರಲ್ಲಿ ಅರ್ಧ ಫುಟ್‌ಬಾಲ್ ಕೋಚ್‌ನ ಪಟ್ಟಿಯಲ್ಲಿದ್ದರು. ಕಾರಿನಲ್ಲಿ ನಾನು, "ಐದು ಅಂದ್ರೆ ಕಡಿಮೆ ಏನಲ್ಲ," ಎಂದೆ.

ಅವಳು ನನ್ನ ಕಡೆ ತಿರುಗಿದಳು. "ನಿನ್ನ ಮಗಳಿಗೆ ಆಲ್ಜೀಬ್ರಾ ಕೊಡಿಸೋಕೆ ನೀನೆಷ್ಟು ದಿನ ಓಡಾಡಿದೆ?"

ಒಂದು ದಿನವೂ ಇಲ್ಲ. ಇಂಡಿಯಾದವರ ಮಗು, ಅಪ್ಪ ಎಂಜಿನಿಯರ್ ಎಂದು ಶಾಲೆಯವರೇ ಹಾಕಿದ್ದರು. ನಾವು ಕೇಳಿಯೂ ಇರಲಿಲ್ಲ. ನಮ್ಮ ಮನೆ ಬರುವವರೆಗೂ ಅವಳು ಮುಂದಿನ ಕಾರುಗಳನ್ನು ಬೈಯುತ್ತಲೇ ಇದ್ದಳು.

ಸೋಮವಾರ ಬೆಳಗ್ಗೆ ಹಿಂದಿನ ಸೀಟಿನಲ್ಲಿ ಉಳಿದ ಒಂಬತ್ತು ಮಕ್ಕಳ ಫೈಲುಗಳಿದ್ದವು. "ನೀನೂ ಬಾ, ಇಬ್ಬರಿದ್ರೆ ಒಳಗೆ ಕರೀತಾರೆ," ಎಂದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ. ನಾನು ಹೋದೆ. ಆ ದಿನ ಇನ್ನೆರಡು ಹೆಸರು ಸೇರಿದವು.