ಧ್ವನಿ ಬೇಡಿದೆ, ವೀರಭದ್ರ ಪಾಠಶಾಲೆ ಕೊಟ್ಟ

ಭಕ್ತ ಬಂಧುಗಳೇ, ಬಸವಕಲ್ಯಾಣದ ಖಾಸಗಿ ಹೈಸ್ಕೂಲೊಂದರಲ್ಲಿ ನಾನು ಗಣಿತ ಕಲಿಸುತ್ತಿದ್ದೆ. ಹೋದ ವರ್ಷ ಕಲಬುರಗಿಯಲ್ಲಿ ಥೈರಾಯ್ಡ್ ಗಂಟು ತೆಗೆಸಿಕೊಂಡೆ. ಧ್ವನಿಗೆ ಪೆಟ್ಟು ಬೀಳಬಹುದೆಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಹಾಗೇ ಆಯಿತು. ತಿಂಗಳುಗಳು ಕಳೆದರೂ ಮಾತು ಪಿಸುದನಿಗಿಂತ ಮೇಲೇರಲಿಲ್ಲ. ಕೆಲಸ ಬಿಡಬೇಕಾಯಿತು.

ಪ್ರತಿ ಸೋಮವಾರ ಬಸ್ ಹಿಡಿದು ಹುಮನಾಬಾದಿಗೆ ಹೋಗಿ, "ಧ್ವನಿ ಕೊಡಪ್ಪಾ" ಎಂದು ವೀರಭದ್ರಸ್ವಾಮಿಯನ್ನು ಬೇಡುತ್ತಿದ್ದೆ. ನನ್ನ ಯಜಮಾನರು ಒಂದು ದಿನ, "ಹ್ಯಾಂಗೂ ಹುಮನಾಬಾದಿಗಿ ಹೋಗ್ತಿ. ಅಲ್ಲೇ ಕಂಪ್ಯೂಟರ್ ಕ್ಲಾಸ್ ಅದ, ಏನರ ಕಲಿ. ಸುಮ್ಮ ಕುಂತು ಅಳಬ್ಯಾಡ" ಎಂದರು.

ಸೇರಿದೆ. ಕಲಿಸುವ ಫರ್ಜಾನಾ ನನಗಿಂತ ತುಂಬ ಚಿಕ್ಕವರು. "ಕೋಡ್ ಬರಿಯೋ ಜರೂರತ್ತಿಲ್ರಿ ಮೇಡಂ. ವೆಬ್‌ಸೈಟ್ ಕಟ್ಟೋ ಈ ಸಿಎಂಎಸ್ ಸಾಫ್ಟ್‌ವೇರ್‌ನಾಗ ಪುಟ ಮಾಡ್ರಿ, ಚಿತ್ರ ಹಾಕ್ರಿ, ಪಾಠ ಬರೀರಿ, ವೆಬ್‌ಸೈಟ್ ತಯಾರ್" ಎಂದರು. ಹತ್ತನೆಯ ತರಗತಿಯ ಗಣಿತವನ್ನೆಲ್ಲ ಕನ್ನಡದಲ್ಲಿ ಬರೆದು ಹಾಕತೊಡಗಿದೆ. ಯಾರು ಓದುತ್ತಾರೋ ತಿಳಿಯದು, ಆದರೂ ಬರೆದೆ.

ಒಂದು ಭಾನುವಾರ, ಸೈಟಿಗೆ ಜೋಡಿಸಿದ್ದ ಪ್ಲಗಿನ್ ಎಂಬ ಪುಟ್ಟ ತಂತ್ರಾಂಶವೊಂದನ್ನು ಅಪ್‌ಡೇಟ್ ಮಾಡಿದ್ದೇ ತಡ, ಇಡೀ ಸೈಟ್ ಬಿಳಿ ಹಾಳೆಯಾಯಿತು. ಪಾಠಗಳ ಬ್ಯಾಕಪ್ ಪ್ರತಿ ಬೇರೆಲ್ಲೂ ಇರಲಿಲ್ಲ. ಫರ್ಜಾನಾರಿಗೆ ಫೋನ್ ಮಾಡಿದೆ. "ಯಾರ್ರಿ? ಏನೂ ಕೇಳ್ವಲ್ದು" ಎಂದು ಇಟ್ಟುಬಿಟ್ಟರು. ಮರುದಿನ ಹೋದರೆ ಕ್ಲಾಸಿಗೆ ಬೀಗ, ಅವರು ಮದುವೆಗೆಂದು ಊರಿಗೆ ಹೋಗಿದ್ದರು.

ಗುಡಿಯಲ್ಲಿ ಕೂತೆ. ಬೇಡಲೂ ಮನಸ್ಸಿರಲಿಲ್ಲ. "ಇದನ್ನೂ ಕಸಕೊಂಡ್ಯಾ?" ಎಂದಷ್ಟೇ ಕೇಳಿದೆ.

ಆಗ ಕಂಕುಳಲ್ಲಿ ಕೂಸನ್ನು ಎತ್ತಿಕೊಂಡ ಹೆಣ್ಣುಮಗಳೊಬ್ಬಳು ಹತ್ತಿರ ಬಂದಳು. "ನೀವು ಗಣಿತದ ಮೇಡಂ ಅಲ್ಲೇನ್ರಿ? ಸೈಟಿನಾಗ ನಿಮ್ಮ ಫೋಟೋ ನೋಡೀನ್ರಿ. ನಾ ಮಂಠಾಳದಾಕಿ. ಲಗ್ನ ಆಗಿ ಸಾಲಿ ಬಿಟ್ಟಿದ್ದೆ, ಈಗ ಹತ್ತನೆತ್ತಿ ಪರೀಕ್ಷಾಕ್ಕ ಕಟ್ಟೀನ್ರಿ. ನಿನ್ನಿಯಿಂದ ಸೈಟ್ ತೆರೀವಲ್ದು. ಮುಂದಿನ ವಾರ ಪರೀಕ್ಷಾ ಅದರಿ, ಏನ್ ಮಾಡ್ಲಿ?"

ನಾನು ಉತ್ತರಿಸಲು ಹೋದೆ, ಗಾಳಿಯೇ ಬಂತು. ಅವಳು ಕಿವಿಯನ್ನು ನನ್ನ ತುಟಿಯ ಹತ್ತಿರ ತಂದಳು. "ನಾಳಿಗಿ ತೆರೀತದವ್ವಾ" ಎಂದೆ. ಯಾವ ಧೈರ್ಯದಿಂದ ಹೇಳಿದೆನೋ ವೀರಭದ್ರನೇ ಬಲ್ಲ.

ಮನೆಗೆ ಬಂದು ಕ್ಲಾಸಿನಲ್ಲಿ ಕಲಿತದ್ದನ್ನೆಲ್ಲ ಮೊದಲಿನಿಂದ ನೆನಪಿಸಿಕೊಂಡೆ. ಸೈಟನ್ನು ಇಟ್ಟಿದ್ದ ಹೋಸ್ಟಿಂಗ್ ಖಾತೆಯ ಫೈಲುಗಳಿಗೆ ಹೋಗಿ, ಕೆಟ್ಟ ಆ ಪ್ಲಗಿನ್ ಸೈಟಿಗೆ ಸಿಗದಂತೆ ಅದರ ಫೋಲ್ಡರಿಗೆ ಬೇರೆ ಹೆಸರು ಕೊಟ್ಟೆ. ಪುಟವನ್ನು ಮತ್ತೆ ತೆರೆದೆ. ಪಾಠಗಳೆಲ್ಲ ಅಲ್ಲಿದ್ದವು, ಒಂದು ಅಕ್ಷರವೂ ಹೋಗಿರಲಿಲ್ಲ. ಮೊದಲು ಬ್ಯಾಕಪ್ ತೆಗೆದೆ, ಆಮೇಲೆ ಕೈ ಮುಗಿದೆ.

ಆ ಹೆಣ್ಣುಮಗಳು ಪಾಸಾದಳು. ಸುತ್ತಲಿನ ಮುಡಬಿ, ರಾಜೇಶ್ವರದ ಮಕ್ಕಳೂ ಈಗ ಸೈಟಿನಲ್ಲೇ ಪ್ರಶ್ನೆ ಬರೆದು ಕೇಳುತ್ತಾರೆ, ನಾನು ಬರೆದೇ ಉತ್ತರಿಸುತ್ತೇನೆ.

ಧ್ವನಿ ಇನ್ನೂ ಬಂದಿಲ್ಲ. ಸೋಮವಾರದ ಬಸ್ಸನ್ನು ನಾನೂ ಬಿಟ್ಟಿಲ್ಲ. ನನ್ನ ಸ್ವಾಮಿ ಕಿವಿಗೊಟ್ಟು ಕೇಳುವವನು ಎಂಬುದರಲ್ಲಿ ನನಗೀಗ ಎಳ್ಳಷ್ಟೂ ಸಂದೇಹವಿಲ್ಲ. ಅವನಿಗೆ ಶರಣು.