ಬೆನ್ನು ಹಾಕಿ ನೋಡಿದ ಧಾರಾವಾಹಿ

ಕೊಟ್ಟ ಮಾತಿಗೆ ತಪ್ಪದವಳು ನಾನು ಎಂದು ಹೇಳಿಕೊಳ್ಳುವ ಹಾಗಿಲ್ಲ. ಯಾಕೆಂದರೆ ನಾನು ದರ್ಜಿ. ‘ನಾಡಿದ್ದು ಖಂಡಿತ’ ಎಂದು ಹೇಳಿದ ರವಿಕೆಗೆ ಆಚೆ ವಾರ ಗುಂಡಿ ಹಚ್ಚಿದವಳು. ಪುತ್ತೂರಿನ ಹೆಂಗಸರು ಇದಕ್ಕೆಲ್ಲ ಒಗ್ಗಿಹೋಗಿದ್ದಾರೆ. ನಾನು ನಾಡಿದ್ದು ಎಂದರೆ ಅವರು ಮನಸ್ಸಿನಲ್ಲೇ ನಾಲ್ಕು ದಿನ ಸೇರಿಸಿಕೊಂಡು ಬರುತ್ತಾರೆ. ಆದರೆ ಈ ವರ್ಷ ನಾನು ತಪ್ಪಿದ ಒಂದು ಮಾತು ಇವತ್ತಿಗೂ ಚುಚ್ಚುತ್ತದೆ. ಅದು ಬಾಹ್ಯಾಕಾಶಕ್ಕೆ ಸಂಬಂಧಪಟ್ಟದ್ದು.

ಮದುವೆಯಾದ ಹೊಸತರಲ್ಲಿ ಆರು ವರ್ಷ ಶಾರ್ಜಾದಲ್ಲಿದ್ದೆ. ಗಂಡ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ನಾನು, ಒಂದು ಹೊಲಿಗೆ ಮಿಷನ್ನು, ಒಂದು ಟಿವಿ. ಮಧ್ಯಾಹ್ನ ಎರಡು ಗಂಟೆಗೆ ಒಂದು ಇಂಗ್ಲಿಷ್ ಧಾರಾವಾಹಿ ಬರುತ್ತಿತ್ತು. ಭೂಮಿಯ ದಾರಿ ತಪ್ಪಿದ ಒಂದು ಹಡಗು ನಕ್ಷತ್ರಗಳ ನಡುವೆ ಮನೆ ಹುಡುಕುತ್ತಾ ಹೋಗುವ ಕಥೆ. ಊರು ಬಿಟ್ಟು ಬಂದು ಹತ್ತನೇ ಮಹಡಿಯಲ್ಲಿ ಕೂತವಳಿಗೆ ಅದು ತೀರಾ ಕಟ್ಟುಕಥೆ ಎಂದು ಅನ್ನಿಸಲೇ ಇಲ್ಲ. ನನಗೆ ಬರುವ ಇಂಗ್ಲಿಷೆಲ್ಲ ಆ ಹಡಗಿನಲ್ಲಿ ಕಲಿತದ್ದು. ‘ಎಡಗಡೆಯ ಎಂಜಿನಿಗೆ ಬೆಂಕಿ ಬಿದ್ದಿದೆ, ಎಲ್ಲರೂ ಹೊರಗೆ ಓಡಿ’ ಎಂದು ಇಂಗ್ಲಿಷಿನಲ್ಲಿ ಒಂದು ತಪ್ಪಿಲ್ಲದೆ ಹೇಳಬಲ್ಲೆ. ಬ್ಯಾಂಕಿನಲ್ಲಿ ಒಂದು ಫಾರಂ ಕೇಳಬೇಕಾದರೆ ಮಾತ್ರ ತಡವರಿಸುತ್ತೇನೆ.

ಊರಿಗೆ ಮರಳಿ ಪುತ್ತೂರಿನಲ್ಲಿ ಅಂಗಡಿ ಇಟ್ಟ ಮೇಲೂ ಹಡಗು ನನ್ನನ್ನು ಬಿಡಲಿಲ್ಲ. ಮೊಬೈಲಿನಲ್ಲಿ ಹಳೆಯ ಕಂತು ಹಚ್ಚಿ ಮಿಷನ್ನಿನ ಪಕ್ಕ ಒರಗಿಸಿಟ್ಟು ಹೊಲಿಯುವುದು ನನ್ನ ಕ್ರಮ. ಗಿರಾಕಿಗಳು ಯಾರೂ ಅದರ ಕಡೆ ನೋಡಿದ್ದಿಲ್ಲ. ನಾಲ್ಕು ವರ್ಷದ ಹಿಂದೆ ಒಂದು ದಿನ, ಅಳತೆ ಕೊಡಲು ಬಂದ ಬಿಳಿಕೂದಲಿನ ಒಬ್ಬರು ಕೈ ಚಾಚಿ ನಿಂತವರು ಹಾಗೆಯೇ ನಿಂತುಬಿಟ್ಟರು.

“ಇದು ಆ ಉಗ್ರಾಣದವಳು ನಗುವ ಕಂತಲ್ವಾ?” ಎಂದರು.

ನನ್ನ ಕೈಯ ಟೇಪು ಕೆಳಗೆ ಬಿತ್ತು. ಅವರು ಸುಗುಣ ಟೀಚರ್. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾಗಿ ಕಾಣಿಯೂರಿನಲ್ಲಿ ಇರುವವರು. ಅವರಿಗೂ ಇಡೀ ಊರಿನಲ್ಲಿ ಈ ಹಡಗಿನ ಬಗ್ಗೆ ಮಾತಾಡಲು ಒಂದು ಜನ ಸಿಕ್ಕಿರಲಿಲ್ಲವಂತೆ. ಆ ದಿನ ಅಳತೆ ತೆಗೆಯಲು ಒಂದೂವರೆ ಗಂಟೆ ಹಿಡಿಯಿತು. ರವಿಕೆ ಹೊಲಿದಾದ ಮೇಲೆ ನೋಡಿದರೆ ಒಂದು ತೋಳು ಗಿಡ್ಡ. ಟೀಚರ್ ಸರಿ ಮಾಡಿಸುವ ನೆವದಲ್ಲಿ ಮತ್ತೆ ಮೂರು ಸಲ ಬಂದರು.

ಉಗ್ರಾಣದವಳ ಬಗ್ಗೆ ಹೇಳಬೇಕು. ಹಡಗಿನ ಸಾಮಾನು ಕೋಣೆ ನೋಡಿಕೊಳ್ಳುವ ಹೆಂಗಸು ಆಕೆ. ಕ್ಯಾಪ್ಟನ್ ಬೊಬ್ಬೆ ಹೊಡೆದಾಗ ಬೇಕಾದ ಬಿಡಿಭಾಗ ತಂದುಕೊಟ್ಟು ಹಿಂದೆ ಸರಿಯುವವಳು. ಅಷ್ಟೂ ವರ್ಷದಲ್ಲಿ ಆಕೆ ಆಡಿದ್ದು ನಲವತ್ತೊಂದೇ ಮಾತು, ಟೀಚರ್ ಲೆಕ್ಕ ಇಟ್ಟಿದ್ದರು. ಒಂದು ಕಂತಿನಲ್ಲಿ ಹಡಗು ಇನ್ನೇನು ಒಡೆಯುತ್ತದೆ ಎಂದು ಎಲ್ಲರೂ ಅಳುತ್ತಿರುವಾಗ ಆಕೆ ಉಗ್ರಾಣದ ಬಾಗಿಲು ಹಾಕಿ, ಬೆನ್ನು ಒರಗಿಸಿ, ಒಮ್ಮೆ ನಗುತ್ತಾಳೆ. ಯಾಕೆ ನಕ್ಕಳು? ಧಾರಾವಾಹಿ ಅದನ್ನು ಹೇಳದೆಯೇ ಮುಗಿದುಹೋಯಿತು. ನಾವಿಬ್ಬರು ನಾಲ್ಕು ವರ್ಷ ಅದನ್ನೇ ಚರ್ಚಿಸಿದ್ದೇವೆ. ಒಳಗೆ ಯಾರನ್ನೋ ಅಡಗಿಸಿಟ್ಟಿದ್ದಾಳೆ ಎಂದು ನನ್ನ ವಾದ. ಆಕೆಗೆ ಭೂಮಿಯ ದಾರಿ ಗೊತ್ತುಂಟು ಎಂದು ಟೀಚರದ್ದು.

ಹೀಗಿರುವಾಗ ಸುದ್ದಿ ಬಂತು, ಉಗ್ರಾಣದವಳದ್ದೇ ಒಂದು ಹೊಸ ಧಾರಾವಾಹಿ ಬರುತ್ತದೆ ಎಂದು. ಇಂಥದ್ದಕ್ಕೆ ಇಂಗ್ಲಿಷಿನಲ್ಲಿ ಸ್ಪಿನ್ ಆಫ್ ಎನ್ನುತ್ತಾರೆ. ಟೀಚರ ಯಜಮಾನರು ಈಶ್ವರ ಭಟ್ಟರಿಗೆ ಇದನ್ನು ವಿವರಿಸಲು ಹೋಗಿ ನಾನು ಸೋತೆ. ಅವರು ಅರ್ಧ ಕೇಳಿ, “ಎಂತ ಮಾರಾಯ್ರೆ ಇಷ್ಟು ಕಷ್ಟ? ಬಾಳೆಯ ಬುಡದಲ್ಲಿ ಕಂದು ಏಳುದಿಲ್ವಾ, ಹಾಗೆ” ಎಂದು ತೋಟಕ್ಕೆ ಹೋದರು. ಯೋಚಿಸಿದರೆ ನಮ್ಮ ಕಡೆಗೆ ಇದು ಹೊಸತೂ ಅಲ್ಲ. ಪುರಾಣದಲ್ಲಿ ಒಂದು ಸಾಲಿನಲ್ಲಿ ಬಂದು ಸತ್ತವನಿಗೂ ಯಕ್ಷಗಾನದವರು ಒಂದು ಪ್ರಸಂಗ ಕಟ್ಟಿ, ಪ್ರೇಮವನ್ನೂ ಕೊಟ್ಟು, ಕೊನೆಗೆ ಜನ ಕಣ್ಣೊರೆಸಿಕೊಳ್ಳುವ ಹಾಗೆ ಸಾಯಿಸುತ್ತಾರೆ. ಮೂಲೆಯಲ್ಲಿ ನಿಂತವರಿಗೂ ಒಂದು ಕಥೆ ಇರುತ್ತದೆ ಎಂಬ ಅನುಮಾನ ಎಲ್ಲ ದೇಶದ ನೋಡುಗರಿಗೂ ಇರಬೇಕು.

ಭಟ್ಟರಿಗೆ ನಮ್ಮ ಹುಚ್ಚು ತಮಾಷೆಯ ವಿಷಯ. “ಇವತ್ತು ನಿಮ್ಮ ಹಡಗು ಎಲ್ಲಿಗೆ ಮುಟ್ಟಿತು? ಇಲ್ಲೇ ಪಕ್ಕದ ಪೆರಾಬೆಗಾ?” ಎಂದು ಕೇಳುವರು. ನಾವು ಗಣ್ಯ ಮಾಡುತ್ತಿರಲಿಲ್ಲ. ಹೊಸ ಧಾರಾವಾಹಿಯ ಆರೂ ಕಂತು ಒಂದು ಶುಕ್ರವಾರ ಒಟ್ಟಿಗೆ ಬರುವುದೆಂದು ಗೊತ್ತಾದಾಗ, ಉಗ್ರಾಣದವಳ ಅಂಗಿಯಂಥದ್ದೇ ಒಂಬತ್ತು ಕಿಸೆಯ ಕುರ್ತಾ ಎರಡು ಹೊಲಿದೆ, ಒಂದು ಅವರಿಗೆ, ಒಂದು ನನಗೆ. ಈ ಒಂದು ಸಲ ಹೇಳಿದ ದಿನಕ್ಕೆ ಮುಂಚೆಯೇ ಹೊಲಿಗೆ ಮುಗಿದಿತ್ತು.

ಆ ಶುಕ್ರವಾರಕ್ಕೆ ನಾಲ್ಕು ದಿನ ಇರುವಾಗ ಟೀಚರ ಬಲಗಣ್ಣಿನ ಒಳಪರದೆ ಹರಿಯಿತು. ತಲೆಗೆ ಸ್ನಾನ ಮಾಡಿ ಬಂದವರಿಗೆ ಕಪ್ಪು ಬಟ್ಟೆ ಇಳಿಬಿಟ್ಟ ಹಾಗಾಯಿತಂತೆ. ಎಡಗಣ್ಣು ಸಣ್ಣಂದಿನಿಂದಲೇ ಮಂಜು. ನೆರಳು ಬೆಳಕು ಮಾತ್ರ ಗೊತ್ತಾಗುವುದು. ಮಂಗಳೂರಿನಲ್ಲಿ ಮರುದಿನವೇ ಆಪರೇಷನ್ ಆಯಿತು. ಕಣ್ಣಿನೊಳಗೆ ಗ್ಯಾಸಿನ ಗುಳ್ಳೆಯೊಂದನ್ನು ತುಂಬಿಸಿದ್ದಾರೆ, ಅದು ಪರದೆಯನ್ನು ಒತ್ತಿ ಹಿಡಿಯಬೇಕಾದರೆ ಹದಿನೈದು ದಿನ ಮುಖ ಕೆಳಗೆ ಮಾಡಿ ಮಲಗಿರಬೇಕು. ಆಮೇಲೆ ದೃಷ್ಟಿ ಎಷ್ಟು ಬರುತ್ತದೋ ಅಷ್ಟು. ಡಾಕ್ಟರು ಹೆಚ್ಚಿಗೆ ಏನೂ ಹೇಳಲಿಲ್ಲ.

ಫೋನಿನಲ್ಲಿ ಟೀಚರ ದನಿ ಗಟ್ಟಿಯಾಗಿಯೇ ಇತ್ತು. “ಜೊಹರಾ, ನಾನು ನೋಡುವ ವರೆಗೆ ನೀವು ನೋಡುದಿಲ್ಲ ಅಲ್ವಾ?”

“ಇಲ್ಲ ಟೀಚರ್. ಆಣೆಗೂ ಇಲ್ಲ” ಎಂದೆ.

ಶುಕ್ರವಾರ ಹೋಯಿತು. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಒಂದು ಲಂಗದ ಅಂಚು ಮಡಚುತ್ತಿದ್ದೆ. ಹೆಸರು ಬರುವಷ್ಟು ಹೊತ್ತು ಮಾತ್ರ ನೋಡುವ, ಸಂಗೀತ ಹೇಗುಂಟೆಂದು ಕೇಳುವ ಎಂದು ಹಚ್ಚಿದೆ. ಕಂತು ಮುಗಿಯುವಾಗ ಲಂಗದ ಅಂಚನ್ನು ನನ್ನ ಸೆರಗಿಗೇ ಸೇರಿಸಿ ಹೊಲಿದಿದ್ದೆ. ಅದನ್ನು ಬಿಚ್ಚುತ್ತಾ ಅತ್ತೆ. ಕಂತು ಚೆನ್ನಾಗಿತ್ತು ಎಂಬುದಕ್ಕೂ ಅತ್ತಿರಬಹುದು.

ಭಾನುವಾರ ಹಣ್ಣು ತೆಗೆದುಕೊಂಡು ಕಾಣಿಯೂರಿಗೆ ಹೋದೆ. ಭಟ್ಟರು ಮಂಚದ ಹಲಗೆಯಲ್ಲಿ ಮುಖದಷ್ಟು ಅಗಲದ ತೂತು ಕೊರೆದು, ಸುತ್ತ ಹತ್ತಿ ಬಟ್ಟೆ ಸುತ್ತಿದ್ದರು. ಟೀಚರ್ ಅದರ ಮೇಲೆ ಕವುಚಿ ಮಲಗಿ ನೆಲದೊಟ್ಟಿಗೆ ಮಾತಾಡುತ್ತಿದ್ದರು. ಮೈಮೇಲೆ ಒಂಬತ್ತು ಕಿಸೆಯ ಕುರ್ತಾ.

“ಹದಿನೈದು ದಿನ ಕಾಯಲಿಕ್ಕೆ ನನ್ನಿಂದಾಗುದಿಲ್ಲ ಮಾರಾಯ್ತಿ” ಎಂದರು ಟೀಚರ್. “ಅದೂ ಕಾದ ಮೇಲೆ ಕಣ್ಣು ಕಾಣದಿದ್ದರೆ? ಇವತ್ತೇ ಹಾಕಿ. ಮಾತು ನನಗೆ ಕೇಳ್ತದೆ. ಉಳಿದದ್ದು ನೀವು ಹೇಳಿ.”

ಫೋನನ್ನು ಕುರ್ಚಿಯ ಮೇಲಿಟ್ಟು ಮೊದಲ ಕಂತು ಹಚ್ಚಿದೆ. ಹೊಸದಾಗಿ ನೋಡುವವಳ ಹಾಗೆ ‘ಅಬ್ಬಾ’, ‘ಅಲ್ಲಾ’ ಎಂದೆಲ್ಲ ಸೇರಿಸುತ್ತಾ ಹೇಳತೊಡಗಿದೆ. ಉದ್ದದ ಓಣಿ, ನೀಲಿ ದೀಪ, ಆಕೆ ನಡೆದು ಬರುತ್ತಿದ್ದಾಳೆ, ಈಗ ಪ್ರಾಯ ಕಡಿಮೆ, ಕೂದಲು ಉದ್ದ ಉಂಟು. ಬಾಗಿಲು ತೆರೆಯಿತು, ಒಳಗೆ ಕತ್ತಲೆ…

“ಜೊಹರಾ” ಎಂದರು ಟೀಚರ್ ಮಂಚದ ಅಡಿಯಿಂದ. “ಬಾಗಿಲಿನ ಶಬ್ದ ಈಗ ಬಂತು. ನೀವು ತೆರೆದದ್ದು ಅದಕ್ಕೆ ಮೊದಲು.”

ಮೂವತ್ತೈದು ವರ್ಷ ನಕಲು ಹೊಡೆಯುವ ಮಕ್ಕಳನ್ನು ಹಿಡಿದವರ ಮುಂದೆ ನನ್ನ ಆಟ ನಡೆಯುವುದುಂಟೇ?

“ಯಾವಾಗ ನೋಡಿದ್ದು?”

“ನಿನ್ನೆ. ಇದೊಂದೇ ಕಂತು ಟೀಚರ್.”

ಟೀಚರ್ ಮೆಲ್ಲಗೆ ಹೇಳಿದರು: “ನೋಡಿದ್ದಕ್ಕೆ ಬೇಜಾರಿಲ್ಲ. ಒಟ್ಟಿಗೆ ಗೊತ್ತಾಗಬೇಕು ಅಂತ ಇತ್ತು ನನಗೆ. ಒಬ್ಬಳಿಗೇ ಏನೇನೋ ಗೊತ್ತಾಗಿ ಸಾಕಾಗಿದೆ. ಮೊನ್ನೆ ಕಪ್ಪು ಇಳಿದದ್ದೂ ನನಗೊಬ್ಬಳಿಗೇ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮಂಚದ ಕಾಲು ಹಿಡಿದುಕೊಂಡು ಕೂತೆ. ಕಾಫಿ ತಂದ ಭಟ್ಟರು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು.

“ಶಿಕ್ಷೆ ಕೊಟ್ಟು ಮುಗಿಸು ಮಾರಾಯ್ತಿ” ಎಂದರು ಹೆಂಡತಿಗೆ.

ಟೀಚರ್ ಶಿಕ್ಷೆ ಕೊಟ್ಟೇಬಿಟ್ಟರು. ಇನ್ನುಳಿದ ಐದು ಕಂತಿಗೆ ನಾನು ಫೋನಿಗೆ ಬೆನ್ನು ಹಾಕಿ ಕೂರಬೇಕು. ನೋಡಿ ಹೇಳುವುದು ಭಟ್ಟರು.

“ನಾನಾ? ನನಗೆ ಅದರ ತಲೆಯೂ ಗೊತ್ತಿಲ್ಲ, ಬಾಲವೂ ಗೊತ್ತಿಲ್ಲ.”

“ಅದಕ್ಕೇ ನೀವು. ಗೊತ್ತಿದ್ದವರು ಮೋಸ ಮಾಡ್ತಾರೆ.”

ಹೀಗೆ ಶುರುವಾಯಿತು. ನಾನು ಗೋಡೆಯ ಕಡೆ, ಟೀಚರ್ ನೆಲದ ಕಡೆ, ಭಟ್ಟರು ಒಬ್ಬರೇ ಆಕಾಶದ ಕಡೆ. “ಒಬ್ಬಳು ಬಂದಳು. ಕೈಯಲ್ಲಿ ಎಂತದೋ ಉಂಟು, ಅಡಿಕೆ ಸುಲಿಯುವ ಕತ್ತಿಯ ಹಾಗೆ. ಇನ್ನೊಬ್ಬ ಬಂದ. ಅವನಿಗೆ ಕಿವಿ ಸರಿ ಇಲ್ಲ, ಹುಟ್ಟಿನಿಂದಲೇ ಹಾಗೆ ಕಾಣ್ತದೆ.” ನಾವು ನಕ್ಕ ನಗುವಿಗೆ, ಅಲುಗಾಡಬಾರದೆಂದು ಟೀಚರಿಗೆ ಭಟ್ಟರೇ ಗದರಬೇಕಾಯಿತು. ಮುಂದಿನ ನಾಲ್ಕು ದಿನವೂ ಮಧ್ಯಾಹ್ನ ಅಂಗಡಿ ಮುಚ್ಚಿ ಕಾಣಿಯೂರಿನ ಬಸ್ಸು ಹತ್ತಿದೆ. ಮೂರನೆಯ ಕಂತಿನಲ್ಲಿ ಒಂದು ಪ್ರಾಣಿ ಬಂತು; “ಗುತ್ತಿಗಾರಿನಲ್ಲಿ ತಂಗಿಯ ತೋಟಕ್ಕೆ ನುಗ್ಗುವ ಆನೆ ಇದರ ಮುಂದೆ ಕರು” ಎಂದರು. ನಾಲ್ಕನೆಯದರ ಹೊತ್ತಿಗೆ ಅವರೇ ಮುಂಚಿತವಾಗಿ ಕುರ್ಚಿ ಹಾಕಿ ಕಾಯುತ್ತಿದ್ದರು.

ಕೊನೆಯ ಕಂತು. ಅದೇ ಗದ್ದಲ, ಹಡಗು ಒಡೆಯುವ ಸದ್ದು, ಜನರ ಅಳು. ಉಗ್ರಾಣದ ಬಾಗಿಲು ಎಳೆದ ಶಬ್ದ ಬಂತು. ಆಮೇಲೆ ಮಾತೇ ಇಲ್ಲ, ಬರೀ ಸಂಗೀತ. ಭಟ್ಟರಿಂದಲೂ ಮಾತಿಲ್ಲ.

“ಎಂತಾಯ್ತು?” ನಾನು ಗೋಡೆಗೆ ಕೇಳಿದೆ.

“ಹೇಳಿ ಮಾರಾಯ್ರೆ! ಒಳಗೆ ಎಂತ ಉಂಟು?” ಟೀಚರ್ ನೆಲಕ್ಕೆ ಕೂಗಿದರು.

“ಸಸಿ” ಎಂದರು ಭಟ್ಟರು. “ಒಂದು ಡಬ್ಬಿಯಲ್ಲಿ ಮಣ್ಣು. ಎರಡು ಎಲೆ ಬಂದಿದೆ. ಹಡಗಿನಲ್ಲಿ ಯಾರಿಗೂ ಗೊತ್ತಿಲ್ಲ. ಹೊರಗೆ ಎಲ್ಲ ಮುಗಿಯಿತು ಅಂತ ಅಳ್ತಾ ಇದ್ದಾರೆ, ಇಲ್ಲಿ ಇದು ಈಗ ಎಲೆ ಬಿಚ್ಚಿದೆ. ಅದಕ್ಕೇ ನಗುದು.” ಸ್ವಲ್ಪ ತಡೆದು, “ನೀರು ಜಾಸ್ತಿ ಹಾಕಿದ್ದಾಳೆ. ಆದರೂ ಬದುಕ್ತದೆ. ಹಸಿರು… ಹೇಗೆ ಹೇಳುದು ನಿಂಗೆ… ಕೋಣೆ ತುಂಬ ಆ ಹಸಿರೇ ಉಂಟು” ಎಂದರು. ದನಿ ಒಡೆದಿತ್ತು. ನಮ್ಮಿಬ್ಬರ ವಾದವೂ ಬಿದ್ದುಹೋಗಿತ್ತು, ನಮಗೆ ಅದರ ನೆನಪೇ ಆಗಲಿಲ್ಲ. ಟೀಚರ್ ಅಳತೊಡಗಿದರು. ಕಣ್ಣಿಗೆ ಒಳ್ಳೆಯದಲ್ಲವೆಂದು ಭಟ್ಟರು ಹೇಳಿದರು, ತಾವೂ ನಿಲ್ಲಿಸಲಿಲ್ಲ.

ಗುಳ್ಳೆ ಕರಗಲು ಎರಡು ತಿಂಗಳು ಹಿಡಿಯಿತು. ಗುಳ್ಳೆಯ ಗೆರೆ ನೀರಿನ ಮಟ್ಟದ ಹಾಗೆ ಇಳಿಯುತ್ತಾ ದಿನಕ್ಕೆ ಸ್ವಲ್ಪ ಸ್ವಲ್ಪ ಲೋಕ ಕಂಡಿತಂತೆ. ಕೊನೆಗೆ ಡಾಕ್ಟರು ಇಟ್ಟ ಅಕ್ಷರದ ಹಲಗೆಯಲ್ಲಿ ಕೆಳಗಿನ ಎರಡು ಸಾಲು ಬಿಟ್ಟು ಉಳಿದದ್ದನ್ನೆಲ್ಲ ಓದಿದರು. ಮನೆಗೆ ಬಂದದ್ದೇ ನನಗೆ ಫೋನು: “ಬನ್ನಿ, ಈಗ ಕಣ್ಣಲ್ಲಿ ನೋಡುವ.”

ದೊಡ್ಡ ಟಿವಿಯಲ್ಲಿ, ಒಂದೇ ಬೆಂಚಿನಲ್ಲಿ ಕೂತು ನೋಡಿದೆವು. ಭಟ್ಟರು ತಮಗೆ ಸಂಬಂಧವಿಲ್ಲದವರ ಹಾಗೆ ಬಾಗಿಲಿಗೆ ಒರಗಿ ನಿಂತರು. ಕಿವಿ ಸರಿಯಿಲ್ಲದವನಿಗೆ ಕಿವಿ ಸರಿಯಾಗಿಯೇ ಇತ್ತು, ಟೊಪ್ಪಿ ಹಾಗೆ ಇದ್ದದ್ದು. ಆ ಪ್ರಾಣಿ ಕಂಪ್ಯೂಟರಿನದ್ದು ಎಂದು ದೂರದಿಂದಲೇ ಗೊತ್ತಾಗುತ್ತಿತ್ತು. ಕೊನೆಗೆ ಉಗ್ರಾಣದ ಬಾಗಿಲು ಮುಚ್ಚಿತು. ಮೂಲೆಯಲ್ಲಿ ಒಂದು ಡಬ್ಬಿ, ಅದರಲ್ಲಿ ಬೆರಳುದ್ದದ ಒಂದು ಗಿಡ. ಎಲೆಯ ಹೊಳಪು ನೋಡಿದರೆ ಪ್ಲಾಸ್ಟಿಕ್ಕಿನದ್ದು. ಎರಡು ಕ್ಷಣ ತೋರಿಸಿ ಕ್ಯಾಮೆರಾ ಆಕೆಯ ಮುಖಕ್ಕೆ ಹೋಯಿತು.

ಟೀಚರ್ ನಿಧಾನಕ್ಕೆ ಗಂಡನ ಕಡೆ ತಿರುಗಿದರು. “ಇಷ್ಟೇ ಇದ್ದದ್ದಾ? ಕೋಣೆ ತುಂಬ ಹಸಿರು ಅಂತ ಹೇಳಿದ್ರಿ?”

ಭಟ್ಟರ ಮುಖ ಕೆಂಪಾಯಿತು. ಟಿವಿಯನ್ನೊಮ್ಮೆ ಸಂಶಯದಿಂದ ನೋಡಿದರು. “ಸುಳ್ಳು ಹೇಳಿದ್ದಲ್ಲ” ಎಂದರು. “ನನಗೆ ಹಾಗೆಯೇ ಕಂಡದ್ದು.”

ನನಗೂ ಟೀಚರಿಗೂ ನಗು ಬರಬೇಕಿತ್ತು. ಬರಲಿಲ್ಲ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬೆಂಚಿನ ಮೇಲೆ ಸ್ವಲ್ಪ ಸ್ವಲ್ಪ ಸರಿದು, ಅವರಿಗೆ ನಡುವೆ ಜಾಗ ಮಾಡಿದೆವು.