ಕಲ್ಲಿನ ಮೇಲೆ ಮಲಗಿಸಿದ ಪೈಪು

ನಾನು ಬರೋಡಾಕ್ಕೆ ಹೋದ ಮೇಲಿನ ಎರಡನೇ ಬೇಸಿಗೆ ಅದು. ದಾವಣಗೆರೆಯಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿದ್ದ ನನಗೆ, ಮಕರಪುರದ ಕಾರ್ಖಾನೆಗಳ ನಡುವೆ ನೀರಿನ ಪೈಪು ಹೂಳಿಸುವ ಕೆಲಸ. ಬೆಳಗ್ಗೆ ಏಳಕ್ಕೆ ನಿಂತರೆ ಸಂಜೆವರೆಗೂ ಬಿಸಿಲಲ್ಲೇ. ರೂಮಿಗೆ ಬಂದು ಬೂಟು ಬಿಚ್ಚುವುದಕ್ಕೂ ಬೇಸರವಾಗುತ್ತಿತ್ತು.

ಪಿವಿಸಿ ಪೈಪು ಹಗುರ. ಇಬ್ಬರು ಹೆಗಲ ಮೇಲಿಟ್ಟುಕೊಂಡು ನಡೆದುಬಿಡಬಹುದು, ತುಕ್ಕಿನ ಭಯವೂ ಇಲ್ಲ. ಆದರೆ ಮಣ್ಣಿನಡಿ ಅದರ ಅರ್ಧ ಬಲ ಸುತ್ತಲಿನ ಮಣ್ಣಿನದು. ಕೆಳಗೆ ಮರಳು ಹಾಸಿ, ಎರಡೂ ಪಕ್ಕ ಮರಳು ತುಂಬಿ ದಮ್ಮಸು ಮಾಡಿದರೆ ಬಹಳ ವರ್ಷ ಬಾಳುತ್ತದೆ. ಚೂಪಾದ ಕಲ್ಲಿನ ಮೇಲೆ ಕೂತರೆ ಬಾಳುವುದಿಲ್ಲ. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಒಂದು ಕಾರ್ಖಾನೆಯ ಗೇಟಿನ ಮುಂದೆ ಚರಂಡಿಯಂತೆ ಅಗೆದು ಪೈಪು ಇಳಿಸುತ್ತಿದ್ದೆವು. ಗೇಟು ಬಂದ್ ಆಗಿದ್ದರಿಂದ ಒಳಗೆ ಲಾರಿಗಳು ಸಾಲುಗಟ್ಟಿದ್ದವು. ವಾಚ್‌ಮನ್ ಗಳಿಗೆಗೊಮ್ಮೆ ಬಂದು ಇನ್ನೂ ಎಷ್ಟು ಹೊತ್ತು ಎಂದು ಕೇಳುತ್ತಿದ್ದ. ಮರಳಿನ ಟ್ರ್ಯಾಕ್ಟರ್ ಬಂದಿರಲಿಲ್ಲ. ದಾಹೋದ್ ಕಡೆಯ ಒಬ್ಬ ಹೆಂಗಸು, ಮರಳು ಹೊರುವವಳು, ಖಾಲಿ ಬುಟ್ಟಿ ಹಿಡಿದು ಗುಂಡಿಯೊಳಗೆ ಬಗ್ಗಿ ನೋಡುತ್ತಿದ್ದಳು. ನನಗಿಂತ ಇಪ್ಪತ್ತು ವರ್ಷವಾದರೂ ದೊಡ್ಡವಳು.

"ಸಾಹೇಬ್, ನೀಚೆ ಪತ್ಥರ್ ಛೇ," ಎಂದಳು.

ಕೆಳಗೆ ಕಲ್ಲಿದೆ. ನಾನೂ ಬಗ್ಗಿ ನೋಡಿದೆ. ಯಾವುದೋ ಹಳೆಯ ಪಾಯದ ಕಾಂಕ್ರೀಟ್ ತುಂಡೊಂದರ ಮೂಲೆ ಪೈಪಿಗೆ ತಾಗಿತ್ತು. ಅದನ್ನು ತೆಗೆಯಬೇಕಾದರೆ ಪೈಪು ಎತ್ತಬೇಕು, ಕಾಂಕ್ರೀಟ್ ಒಡೆಯಬೇಕು, ಮರಳಿಗೆ ಕಾಯಬೇಕು. ಕಣ್ಣು ಉರಿಯುತ್ತಿತ್ತು. ಮುಚ್ಚಿಬಿಡಿ ಎಂದೆ. ಅವಳು ಇನ್ನೊಮ್ಮೆ ನನ್ನ ಮುಖ ನೋಡಿ, ಮಣ್ಣು ತುಂಬಿಕೊಳ್ಳಲು ಹೋದಳು. ಅರ್ಧ ಗಂಟೆಯಲ್ಲಿ ಮೊದಲ ಲಾರಿ ಅದರ ಮೇಲೆ ಹಾದುಹೋಯಿತು.

ಹತ್ತು ದಿನಕ್ಕೆ ಪರೀಕ್ಷೆ. ಪೈಪಿಗೆ ನೀರು ತುಂಬಿ, ಒಳಗಿನ ಗಾಳಿ ಹೊರಬಿಟ್ಟು, ಕೈಪಂಪಿನಿಂದ ಒತ್ತಡ ಏರಿಸಿದೆವು. ಪರೀಕ್ಷೆಗೆ ಬಂದ ಹಿರಿಯ ಎಂಜಿನಿಯರ್ ಧಾರವಾಡದವರು. ಊರ ಕಡೆಯವನೆಂದು ಒಂದಿಷ್ಟು ಸಡಿಲ ಬಿಟ್ಟಾರು ಎಂಬ ಆಸೆಯೂ ನನಗಿತ್ತು. ಆದರೆ ಗೇಜಿನ ಮುಳ್ಳು ನಿಲ್ಲಲಿಲ್ಲ, ಇಳಿಯುತ್ತಲೇ ಹೋಯಿತು. ಪರೀಕ್ಷೆಗೆಂದು ಮಣ್ಣು ಮುಚ್ಚದೆ ಬಿಟ್ಟಿದ್ದ ಜೋಡಣೆಗಳನ್ನೆಲ್ಲ ಒಂದೊಂದಾಗಿ ನೋಡಿದೆವು, ಎಲ್ಲವೂ ಒಣಗಿದ್ದವು. ಇನ್ನು ಇಡೀ ಸಾಲು ಅಗೆಯುವುದೇ ಎಂದು ಮೇಸ್ತ್ರಿ ತಲೆ ಮೇಲೆ ಕೈ ಹೊತ್ತು ಕೂತ.

ಹಿರಿಯರು ನನ್ನನ್ನು ಪಕ್ಕಕ್ಕೆ ಕರೆದರು. "ಎಲ್ಲಿ ಒಡದದ ಅಂತ ನಿನಗ ಗೊತ್ತದ ಏನು, ತಮ್ಮಾ?"

ಗೊತ್ತಿಲ್ಲ ಎನ್ನಬಹುದಿತ್ತು. ಆ ಬಿಸಿಲಲ್ಲಿ ಇಪ್ಪತ್ತು ಜನ ಅಗೆಯುತ್ತ ಹೋಗುತ್ತಿದ್ದರು, ಅಷ್ಟೆ.

"ಗೊತ್ತಿದೆ ಸರ್. ಗೇಟಿನ ಮುಂದೆ," ಎಂದೆ.

ಅವರು ಬೈಯಲಿಲ್ಲ. ಹಂಗಾರ ಅಲ್ಲೇ ಅಗಸು ಎಂದು ಹೇಳಿ ನೆರಳಿಗೆ ಹೋಗಿ ಕೂತರು.

ಅಗೆದಾಗ ಆ ಕಾಂಕ್ರೀಟ್ ಮೂಲೆಯ ಮೇಲೆಯೇ ಪೈಪು ಉದ್ದಕ್ಕೆ ಸೀಳಿತ್ತು, ಸುತ್ತ ಕೆಸರು. ನಾನೇ ಇಳಿದು ಸುತ್ತಿಗೆ, ಹಾರೆ ತೆಗೆದುಕೊಂಡು ಕಾಂಕ್ರೀಟ್ ಒಡೆದೆ. ಅಂಗೈಯಲ್ಲಿ ಬೊಬ್ಬೆ ಎದ್ದವು. ಮೇಲಿನಿಂದ ಮರಳು ಸುರಿಯುತ್ತಿದ್ದವಳು ಅದೇ ಹೆಂಗಸು. ಅಂದೇ ಹೇಳಿದ್ದೆನಲ್ಲ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಬಂದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಹೊಸ ಪೈಪು ಕೂರಿಸಿ, ಎರಡು ದಿನ ಬಿಟ್ಟು ಮತ್ತೆ ಒತ್ತಡ ಕೊಟ್ಟೆವು. ಮುಳ್ಳು ನಿಂತಿತು. ಹಿರಿಯರು ಸಹಿ ಮಾಡಿದರು.

ಮಳೆ ಹತ್ತಿರವಾದಂತೆ ದಾಹೋದಿನವರೆಲ್ಲ ಬಿತ್ತನೆಗೆಂದು ಊರಿಗೆ ಹೊರಟರು. ಅವಳು ಗಂಟು ಹೊತ್ತು ಟೆಂಪೋ ಹತ್ತುವಾಗ ನಾನು ಅಲ್ಲೇ ಇದ್ದೆ. ತಪ್ಪು ನನ್ನದು ಎನ್ನಲು ಗುಜರಾತಿ ಬರುವುದಿಲ್ಲ ಎಂದುಕೊಂಡೆ. ನಿಜ ಹೇಳಬೇಕೆಂದರೆ ಅಷ್ಟು ಗುಜರಾತಿ ನನಗೆ ಬರುತ್ತಿತ್ತು. ಹೋಗಿಬನ್ನಿ ಎಂದಷ್ಟೇ ಹೇಳಿದೆ. ಮುಂದಿನ ವಾರ ನನ್ನನ್ನು ಸೂರತ್ತಿನ ಕೆಲಸಕ್ಕೆ ಹಾಕಿದರು.